ಬಾಲಿಗೆ ಒಬ್ಬರೇ

ಗಾಜಿನ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಅಷ್ಟು ಸಂದಿ ಸಾಕಾಯಿತು ಕೃಪಾಗೆ.

"ಶುಕ್ರವಾರ ಬಾಲಿ. ನಮ್ಮ ಟೀಮಿಂದ ಒಬ್ಬರೇ ಅಲ್ವಾ? ದೀಪಶ್ರೀ ಹೆಸರು ಕೊಟ್ಟಿದೀನಿ," ಒಳಗೆ ಮ್ಯಾನೇಜರ್ ಶ್ರೀಧರ್ ಫೋನಿನಲ್ಲಿ ಹೇಳುತ್ತಿದ್ದ. "ಇಲ್ಲ ಇಲ್ಲ, ಅವಳಿಗೆ ಇನ್ನೂ ಗೊತ್ತಿಲ್ಲ."

ಕೃಪಾಳ ಹೊಟ್ಟೆಗೆ ಬೆಂಕಿ ಬಿತ್ತು. ಕಂಪನಿ ಪ್ರತಿ ವರ್ಷ ತನಗೆ ಬೇಕಾದವರನ್ನು ನಾಲ್ಕು ದಿನ ವಿದೇಶ ಸುತ್ತಿಸಿಕೊಂಡು ಬರುತ್ತಿತ್ತು. ಹೋದ ವರ್ಷ ಫುಕೆಟ್. ಹೋದವರು ದೋಣಿಯಲ್ಲಿ ಕೂತು ನೂಡಲ್ಸ್ ಹೀರುವ ಫೋಟೊಗಳನ್ನು ಕೃಪಾ ವೈಟ್‌ಫೀಲ್ಡಿನ ಸಿಗ್ನಲ್‌ನಲ್ಲಿ, ನೀರಿನ ಟ್ಯಾಂಕರ್ ಹಿಂದೆ ಸಿಕ್ಕಿಕೊಂಡು, ಒಂದೊಂದಾಗಿ ಲೈಕ್ ಮಾಡಿದ್ದಳು. ಈ ವರ್ಷ ವ್ಯವಹಾರ ಇಳಿದಿದೆ ಅಂತ ಕ್ಯಾಂಟೀನಿನ ಸಂಜೆಯ ಬಜ್ಜಿಗೂ ಕತ್ತರಿ ಬಿದ್ದಿತ್ತು. ಪ್ರವಾಸದ ಮಾತೇ ಇರಲಿಲ್ಲ. ಗುಟ್ಟಾಗಿ ನಡೆಸಿದ್ದಾರೆ, ಕಳ್ಳರು! ಅದೂ ದೀಪಶ್ರೀಗೆ!

ಸೀಟಿಗೆ ಬಂದವಳೇ ಮೊಬೈಲಿನಲ್ಲಿ ಬಾಲಿಯನ್ನು ಹುಡುಕಿದಳು. ನೀಲಿ ಸಮುದ್ರ, ಬಾಳೆಲೆಯ ಮೇಲೆ ಮೀನು, ಹುಲ್ಲಿನ ಟೋಪಿ ತೊಟ್ಟ ಹೆಂಗಸರು. ಹೊಸ ಕಟ್ಟಡದ ನೆಲ ಒರೆಸಿ ಆಗಷ್ಟೇ ಬಂದಿದ್ದ ಹೌಸ್‌ಕೀಪಿಂಗಿನ ಮಹಾನಂದಾ ಬಗ್ಗಿ ನೋಡಿದಳು. ಕಲಬುರಗಿ ಕಡೆಯ ಹೆಣ್ಣುಮಗಳು. ಮಗಳ ಪುಸ್ತಕ ನೋಡಿ ಇಂಗ್ಲಿಷ್ ಅಕ್ಷರ ಕೂಡಿಸುವುದನ್ನು ಈಚೆಗೆ ಕಲಿತಿದ್ದಳು.

"ಬಿ, ಎ, ಎಲ್, ಐ... ಬಲಿ. ಯಾರಿಗಿ ಬಲಿ ಕೊಡ್ಲಿಕತ್ತಾರ್ರೀ ಅಕ್ಕೋರೆ?"

ಕೃಪಾ ಹೊಟ್ಟೆ ಹಿಡಿದು ನಕ್ಕಳು. "ಬಲಿ ಅಲ್ಲ ಮಾರಾಯ್ತಿ, ಬಾಲಿ! ಫಾರಿನ್ ಊರು."

"ಈ ಹೆಸರ ಎಲ್ಲೋ ನೋಡಿದಂಗದರಿ."

"ಟೀವೀಲಿ ನೋಡಿರ್ತೀಯ ಬಿಡು."

ಮಧ್ಯಾಹ್ನ ಶ್ರೀಧರನ ಮುಂದೆ ಕೂತಳು. "ಸಾರ್, ಬಾಲಿ ವಿಷಯ ಗೊತ್ತಾಯ್ತು."

ಅವನ ಮುಖ ಬಿಳಿಚಿಕೊಂಡಿತು. ಎದ್ದು ಬಾಗಿಲು ಹಾಕಿದ. "ದಯವಿಟ್ಟು ಯಾರಿಗೂ ಹೇಳ್ಬೇಡಿ."

"ಹೇಳಲ್ಲ. ಆದ್ರೆ ದೀಪಶ್ರೀನಾ ಸಾರ್? ಗಂಡಂಗೆ ಕೆಲಸ ಇಲ್ಲ, ಮಗು ಇನ್ನೂ ಹಾಲು ಕುಡಿಯೋದು. ಇಂಥ ಟೈಮಲ್ಲಿ ಅವಳನ್ನ ಕಳಿಸೋದಾ?"

ದೀಪಶ್ರೀಯ ಗಂಡನ ಕೆಲಸ ಹೋದಾಗ ಒಂದು ಮಾತು ವಿಚಾರಿಸದವಳು ಕೃಪಾ. ಆ ಕಷ್ಟ ಇವತ್ತು ಉಪಯೋಗಕ್ಕೆ ಬಂತು.

"ನಂಗೂ ರಾತ್ರಿಯೆಲ್ಲ ನಿದ್ದೆ ಇಲ್ಲ," ಅಂದ ಶ್ರೀಧರ್. "ಏನ್ಮಾಡ್ಲಿ? ಒಬ್ಬರ ಹೆಸರು ಕೊಡ್ಲೇಬೇಕು."

"ನನ್ನದು ಕೊಡಿ."

ಶ್ರೀಧರ್ ಕನ್ನಡಕ ತೆಗೆದ. ಒರೆಸಿದ. ಮತ್ತೆ ಒರೆಸಿದ. "ಯೋಚನೆ ಮಾಡಿ ಹೇಳ್ತಿದೀರಾ ಕೃಪಾ? ಮನೇಲಿ ಒಂದ್ಸಲ ಕೇಳಿ."

"ಏನ್ ಕೇಳೋದು ಸಾರ್? ಹೂಡೀಲಿ ನಮ್ಮತ್ತೆಯವರ ಪೀಜಿ ಭರ್ತಿ ಇದೆ, ಬಾಡಿಗೆ ಬರ್ತಾ ಇದೆ. ನಾನಿಲ್ದಿದ್ರೂ ಮನೆ ನಡೆಯುತ್ತೆ. ಕಳಿಸಿ ನೋಡಿ, ನಗ್ತಾ ಹೋಗ್ತೀನಿ."

"ಇಷ್ಟು ವರ್ಷದಲ್ಲಿ ಹೀಗೆ ಬಾಯಿಬಿಟ್ಟು ಕೇಳಿದವರು ನೀವೊಬ್ರೇ."

"ಕೇಳ್ದೇ ಇದ್ರೆ ಯಾರು ಕೊಡ್ತಾರೆ ಸಾರ್?"

ಮರುದಿನ ದೀಪಶ್ರೀ ಲಿಫ್ಟಿನ ಹತ್ತಿರ ಅಡ್ಡ ನಿಂತಳು. ಕಣ್ಣು ಕೆಂಪಗಿತ್ತು. "ಸಾರ್ ಎಲ್ಲಾ ಹೇಳಿದ್ರು. ನನ್ನ ಜಾಗಕ್ಕೆ ನೀವು ಹೋಗ್ತಿದೀರಂತೆ. ಸಾಯೋವರೆಗೂ ಮರೆಯಲ್ಲ ಅಕ್ಕ."

ಶಾಪ ಹಾಕ್ತಾಳೆ, ನೋಡು! ಕೃಪಾಳ ಎದೆ ಒಂದು ಕ್ಷಣ ಚುರುಕ್ಕೆಂದಿತು. ಮಾಲಿನ ಎಸ್ಕಲೇಟರ್ ಹತ್ತುವ ಹೊತ್ತಿಗೆ ಅದು ಆರಿಹೋಗಿತ್ತು. ಅಲ್ಲಿ ತಿಳಿಹಸಿರು ಲಿನನ್ ಜೋಡಿ, ಮರಳಿನಲ್ಲಿ ಓಡಾಡಲು ಬೆಲ್ಟಿನ ಚಪ್ಪಲಿ, ಮೊರದಷ್ಟು ಅಗಲದ ಹುಲ್ಲಿನ ಟೋಪಿ ಕೊಂಡಳು. ಮೊದಲ ದಿನ ನಾಸಿ ಗೊರೆಂಗ್, ಎರಡನೆಯ ದಿನ ಸುಟ್ಟ ಸೀಗಡಿ ಎಂದು ಊಟವನ್ನೂ ಮನಸ್ಸಿನಲ್ಲೇ ಬಡಿಸಿಕೊಂಡಳು.

ಅತ್ತೆ ಪಿಳ್ಳಮ್ಮ ಸೂಟ್‌ಕೇಸಿನ ಮೂಲೆಗೆ ಒಂದು ಡಬ್ಬಿ ತುರುಕಿದರು. "ಅಲ್ಲಿ ಆವು ಗೀವು ಬೇಯಿಸಿ ಇಕ್ತಾರಂತೆ ಕಣವ್ವ. ಉಳ್ಳಿಕಾಳ್ ಚಟ್ನಿಪುಡಿ ಮಡಗಿವ್ನಿ."

"ಹಾವಲ್ಲ ಅತ್ತೆ, ಸೀಗಡಿ."

"ಎಲ್ಡೂ ಒಂದೇಯ."

ಶ್ರೀಧರನ ಮೆಸೇಜ್ ಬಂತು. *ಶುಕ್ರವಾರ ಊಟ ಆದ ಮೇಲೆ ಬಾಲಿ. ಹೊಸ ಕಟ್ಟಡಕ್ಕೆ ಬನ್ನಿ, ನಿವೇದಿತಾ ಇರ್ತಾರೆ. ಲ್ಯಾಪ್‌ಟಾಪ್, ಐಡಿ ಕಾರ್ಡ್ ತನ್ನಿ. ಆಮೇಲೆ ಆಫೀಸಿನ ಚಿಂತೆ ಬೇಡ. ನಿಮ್ಮಂಥವರು ಸಿಗಲ್ಲ.*

ಪಾಸ್‌ಪೋರ್ಟ್ ಮಾತು ಮರೆತಿದ್ದಾನೆ, ಪೆದ್ದ. ತಾನೇ ನೆನಪಿಟ್ಟು ಪರ್ಸಿಗೆ ಹಾಕಿಕೊಂಡಳು.

ಶುಕ್ರವಾರ ಲಿನನ್ ತೊಟ್ಟು, ಸೂಟ್‌ಕೇಸ್ ಎಳೆದುಕೊಂಡು ಹೊರಟಾಗ ಇಡೀ ಟೀಮು ಎದ್ದು ನಿಂತಿತು. ಯಾರೋ ಚಪ್ಪಾಳೆ ಶುರು ಮಾಡಿದರು. ಇಷ್ಟು ಒಳ್ಳೆಯ ಜನ ಅಂತ ಗೊತ್ತೇ ಇರಲಿಲ್ಲವಲ್ಲ ಅಂದುಕೊಂಡು ಕೃಪಾ ಟೋಪಿ ಎತ್ತಿ ಬೀಸಿದಳು. ಅದನ್ನು ನೋಡಿ ದೀಪಶ್ರೀ ಬಾಯಿಗೆ ದುಪಟ್ಟಾ ಒತ್ತಿಕೊಂಡು ಬಿಕ್ಕಿದಳು.

ಹೊಸ ಕಟ್ಟಡದಲ್ಲಿ ಇನ್ನೂ ಪೇಂಟಿನ ವಾಸನೆ. ಬಸ್ಸಿಲ್ಲ, ಗೈಡಿಲ್ಲ. ಉದ್ದನೆಯ ಪಡಸಾಲೆ. ಒಂದು ಬಾಗಿಲ ಮೇಲೆ ಗೋವಾ, ಪಕ್ಕದ್ದರ ಮೇಲೆ ಫುಕೆಟ್. ಕಂಪನಿ ಈ ಸಲ ಮೀಟಿಂಗ್ ರೂಮುಗಳಿಗೆಲ್ಲ ಪ್ರವಾಸದ ಊರುಗಳ ಹೆಸರಿಟ್ಟಿತ್ತು. ಕೊನೆಯ ಬಾಗಿಲ ಬೋರ್ಡನ್ನು ಮಹಾನಂದಾ ಒದ್ದೆ ಬಟ್ಟೆಯಲ್ಲಿ ಉಜ್ಜುತ್ತಿದ್ದಳು.

"ಬಂದ್ರೇನ್ರಿ ಅಕ್ಕೋರೆ? ನಾ ಅವತ್ತ ಅಂದಿದ್ದಿಲ್ಲಾ ಎಲ್ಲೋ ನೋಡೀನಿ ಅಂತ? ಇದೇ ನೋಡ್ರಿ."

ಒಳಗೆ ಎಚ್‌ಆರ್‌ನ ನಿವೇದಿತಾ ಎದ್ದು ಕೈ ಮುಗಿದಳು. ಮೇಜಿನ ಮೇಲೆ ಟಿಶ್ಯೂ ಡಬ್ಬಿ, ಪಕ್ಕದಲ್ಲಿ ರಾಜೀನಾಮೆ ಪತ್ರ; ಸಹಿ ಒಂದೇ ಬಾಕಿ. "ಶ್ರೀಧರ್ ಹೇಳಿದ್ರು ಮೇಡಂ. ಇನ್ನೊಬ್ಬರ ಕೆಲಸ ಉಳಿಸೋಕೆ ತಮ್ಮದು ಬಿಟ್ಕೊಟ್ಟವರನ್ನ ನಾನು ಇವತ್ತೇ ನೋಡಿದ್ದು."

ಕೃಪಾ ಟೋಪಿ ತೆಗೆಯುವುದನ್ನೂ ಮರೆತು ಬೋರ್ಡಿನತ್ತ ತಿರುಗಿದಳು. ಬಿ, ಎ, ಎಲ್, ಐ. ಮಹಾನಂದಾ ಅವತ್ತು ಸರಿಯಾಗಿಯೇ ಓದಿದ್ದಳು.