ಆಲದ ಮರದ ಗಂಟು

ಹಸು ಕರು ಹಾಕಿದಾಗ ಬೀಳುವ ಮಾಸನ್ನು ಹುಲ್ಲಿನಲ್ಲಿ ಸುತ್ತಿ, ಊರಾಚೆಯ ಆಲದ ಮರಕ್ಕೆ ಎತ್ತರದಲ್ಲಿ ಕಟ್ಟುವುದು ನಮ್ಮಲ್ಲಿ ರೂಢಿ. ಬೀದಿನಾಯಿಗಳಿಗೆ ಅದರ ರುಚಿ ಹತ್ತಬಾರದು ಅಂತ. ಅವತ್ತು ನಮ್ಮ ಹಸು ಕರು ಹಾಕಿತ್ತು; ಮುಸ್ಸಂಜೆ ಅಪ್ಪ ಗಂಟು ಕೊಟ್ಟು ನನ್ನನ್ನು ಕಳಿಸಿದ. ಆ ಮರದಲ್ಲಿ ಕೂದಲು ಬಿಚ್ಚಿಕೊಂಡು ಜೋಕಾಲಿಯಾಡುವ ಮೋಹಿನಿಯ ಕತೆಯನ್ನು ಅಜ್ಜಿ ಎಷ್ಟು ಸಲ ಹೇಳಿದ್ದಳೋ! ನಾನು ಅಷ್ಟು ದೂರ ಹೋಗದೆ, ಕೊಟ್ಟಿಗೆಯ ಹಿಂದಿನ ಬೇಲಿಗೇ ಗಂಟನ್ನು ಎಸೆದು ಬಂದೆ.

ಬೆಳಗಾಗುವಷ್ಟರಲ್ಲಿ ನಾಯಿಗಳು ಕರುವನ್ನು ಕೊಂದಿದ್ದವು. ಹಸು ಇನ್ನೂ ಅದರ ಮೈ ನೆಕ್ಕುತ್ತಲೇ ಇತ್ತು.

"ನಿಜ ಹೇಳವ್ವ, ಮರಕ್ಕೆ ಕಟ್ಟಿದ್ದೆ ತಾನೆ?" ಅಪ್ಪ ಕೇಳಿದ.

"ಕಟ್ಟಿದ್ದೆ."

"ಮತ್ತೆ ನಾಯ್ಗಳಿಗೇನು ನಾನು ಕಾಗ್ದ ಬರ್ದು ಕರ್ಸಿದ್ನಾ? ತಡಿ, ನೋಡ್ಕಂಡೇ ಬತ್ತೀನಿ."

ಅವನು ಹೋಗಿ ಬರುವವರೆಗೂ ನಾನು ಹಸುವಿನ ಕಣ್ಣು ತಪ್ಪಿಸಿ ನೆಲ ನೋಡುತ್ತ ನಿಂತಿದ್ದೆ.

"ಗಂಟು ಮರದಲ್ಲೇ ಅದೆ," ಅಂದ ಅಪ್ಪ, ನನ್ನ ತಲೆ ಸವರುತ್ತ. "ಸುಮ್ನೆ ನಿನ್ ಮ್ಯಾಲೆ ಅನುಮಾನ ಪಟ್ಟೆ ಕಣವ್ವ."

ಜಗಲಿಯಲ್ಲಿ ಕೂತಿದ್ದ ಅಜ್ಜಿ ತಲೆ ಎತ್ತದೆ, ಸೆರಗಿಗೆ ಅಂಟಿದ್ದ ಹುಲ್ಲುಕಡ್ಡಿಗಳನ್ನು ಒಂದೊಂದಾಗಿ ಕೀಳುತ್ತಿದ್ದಳು.