ಕಾವಲು ಸಮಿತಿಯ ಹೊಸ ಲಾಂಛನ

“ಎಡ ಹೆಗಲು ಇನ್ನೂ ಇಳಿಸು,” ಎಂದರು ಡ್ರಿಲ್ ಮೇಷ್ಟ್ರು. “ಫೋಟೋದಲ್ಲಿ ಎಷ್ಟು ಇಳಿದಿದೆ ನೋಡು. ನೀನು ನೆಟ್ಟಗೆ ಮಾಡಿಟ್ಟಿದೀಯ.”

ಪೇಂಟರ್ ಮೂರನೆಯ ಸಲ ತನ್ನ ಹಾಳೆಯನ್ನು ಸುರುಳಿ ಸುತ್ತಿಕೊಂಡ.

ನೆರೆಹೊರೆ ಕಾವಲು ಸಮಿತಿಯ ಹಳೆಯ ಲಾಂಛನದಲ್ಲಿ ಗೂಬೆಯಿತ್ತು. ಅದನ್ನು ಬರೆದವನೂ ಅವನೇ. ಹತ್ತು ವರ್ಷದ ಬಿಸಿಲಿಗೆ ಬಣ್ಣ ಹೋಗಿ ಅದು ಕಾವಿಗೆ ಕೂತ ಕೋಳಿಯಂತೆ ಕಾಣುತ್ತಿತ್ತು. ಕೋಳಿಗೆ ಯಾವ ಕಳ್ಳ ಹೆದರುತ್ತಾನೆ? ಹೊಸದಕ್ಕೆ ನಿಜವಾದ ಕಳ್ಳನೇ ಬೇಕೆಂದು ಸಮಿತಿ ತೀರ್ಮಾನಿಸಿತು. ಬೆನ್ನು ತಿರುಗಿಸಿ ನಿಂತ ಕಪ್ಪು ಆಕೃತಿ, ಅದರ ಮೇಲೊಂದು ಕೆಂಪು ಅಡ್ಡಗೆರೆ. ಮಾದರಿಗೆ, ಕಳ್ಳತನವಾದ ರಾತ್ರಿ ಗಡಿಯಾರದ ಅಂಗಡಿಯ ಕ್ಯಾಮೆರಾದಲ್ಲಿ ಸಿಕ್ಕಿದ್ದ ಫೋಟೋ. ಅದರಲ್ಲಿ ಮುಖವಿಲ್ಲ; ಟೋಪಿಯಿರುವ ಜಾಕೆಟ್, ಬೆನ್ನ ಮೇಲೆ ಬಿಳಿ ಪಟ್ಟಿ.

ಅದು ಯಾರೆಂದು ಬೀದಿಯಲ್ಲಿ ಯಾರೂ ಕೇಳಲಿಲ್ಲ. ಕೇಳುವುದೇನಿತ್ತು? ಜಾಕೆಟ್ ಪೇಂಟರನ ಮಗನದು. ಪೊಲೀಸರು ಮನೆಗೆ ಬಂದು, ಗೂಟಕ್ಕೆ ನೇತುಹಾಕಿದ್ದ ಅದನ್ನು ಎತ್ತಿ ಹಿಡಿದು ಯಾರದೆಂದು ಕೇಳಿದಾಗ, ಅಪ್ಪ ಬಾಯಿ ತೆರೆಯುವ ಮೊದಲೇ ಮಗ “ನನ್ನದು” ಎಂದಿದ್ದ. ಕೋರ್ಟಿನಲ್ಲೂ ಅವನು ಮಾತು ಬದಲಿಸಲಿಲ್ಲ. ಎರಡು ವರ್ಷ ಶಿಕ್ಷೆಯಾಯಿತು. ಇನ್ನು ಹದಿನೆಂಟು ದಿನಕ್ಕೆ ಬಿಡುಗಡೆ.

ಬಂದವನು ಪ್ರತಿ ದೀಪದ ಕಂಬದಲ್ಲೂ ಆ ಬೆನ್ನನ್ನೇ ನೋಡಬೇಕು. ಕೆಲಸ ಒಲ್ಲೆ ಎನ್ನೋಣವೆಂದರೆ ಬೀದಿಯವರು ಸುಮ್ಮನೆ ಬಿಟ್ಟಾರೆಯೇ? ಅತ್ತ ದರಿ, ಇತ್ತ ಪುಲಿ.

“ನೀನೇ ಬರೆದುಬಿಡು. ನಿನ್ನ ಮರ್ಯಾದೆ ಉಳಿಯುತ್ತೆ,” ಎಂದಿದ್ದರು ಸಮಿತಿಯ ಕಾರ್ಯದರ್ಶಿಯಾದ ಮೇಷ್ಟ್ರು, ನಿಜವಾದ ಕನಿಕರದಿಂದ.

ಬರೆಯಲು ಕೂತರೆ, ಮೂವತ್ತು ವರ್ಷ ಎಡಗೈಯಲ್ಲಿ ಬಣ್ಣದ ಡಬ್ಬ ತೂಗಿಸಿಕೊಂಡು ಏಣಿ ಹತ್ತಿದವನಿಗೆ ಪೆನ್ಸಿಲ್ ಭಾರವಾಯಿತು. ಮೊದಲ ಹಾಳೆಯಲ್ಲಿ ಕಳ್ಳನಿಗೆ ಎತ್ತರ ಕೊಟ್ಟ. ಎರಡನೆಯದರಲ್ಲಿ ದಪ್ಪ ಮಾಡಿದ. ಮೂರನೆಯದರಲ್ಲಿ ಹೆಗಲು ಸರಿಮಾಡಿದ. ಮೂರೂ ವಾಪಸು ಬಂದವು.

ಹೆಂಡತಿ ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದಳು. “ರೀ, ನನ್ನ ಮಗ ಕಂಬದ ಹಾಗೆ ನಿಲ್ಲೋನು. ಹೀಗೆ ಯಾವತ್ತಾದ್ರೂ ನಿಂತಿದ್ನಾ?”

ಅವನು ಬ್ರಷ್ ತೊಳೆಯುತ್ತಲೇ ಇದ್ದ.

ಭೇಟಿಯ ದಿನ ಜೈಲಿನಲ್ಲಿ ಮಗನಿಗೆ ಲಾಂಛನದ ವಿಷಯ ತಿಳಿಸಿದ. ಮಗ ಅಪ್ಪನ ಮುಖ ನೋಡಿದ.

“ಬಿಡಿಸು ಅಪ್ಪಾ, ಪರವಾಗಿಲ್ಲ. ಇದ್ದ ಹಾಗೇ ಬಿಡಿಸಬೇಡ, ಅಷ್ಟೇ.”

ಅದೊಂದು ಮಾತನ್ನಾದರೂ ನಡೆಸಿಕೊಡಬೇಕೆಂದು ಪೇಂಟರ್ ಸಮಿತಿಯ ಮುಂದೆ ಕೈಮುಗಿದ. “ಸರ್, ಹೆಗಲು ಒಂದು ನೆಟ್ಟಗಿರಲಿ. ಹುಡುಗ ವಾಪಸ್ ಬರ್ತಾನೆ.”

“ಹೆತ್ತ ಕರುಳು, ಅರ್ಥ ಆಗುತ್ತೆ ಕಣೋ. ನನ್ನ ಡ್ರಿಲ್ಲಿನಲ್ಲಿ ಅವನು ಮೊದಲ ಸಾಲಿನವನು. ಕಳ್ಳತನಕ್ಕೆ ಇಳಿದರೆ ಎಂಥ ಬೆನ್ನೂ ಬಾಗುತ್ತೆ ನೋಡು! ಅದೇ ನಮ್ಮ ಲಾಂಛನದ ಪಾಠ.” ಮೇಷ್ಟ್ರು ಅವನ ಕೈಯತ್ತ ನೋಡಿ ನಕ್ಕರು. “ಅದೇನು, ಹೆಗಲು ಮುಟ್ಟಿ ನೋಡ್ಕೋತಿದೀಯ? ಕುಂಬಳಕಾಯಿ ಕಳ್ಳ ನೀನಲ್ಲವಲ್ಲ!”

ಎಲ್ಲರೂ ನಕ್ಕರು. ಪೇಂಟರನೂ ನಕ್ಕ. ಆ ಸಂಜೆಯೇ ಫೋಟೋವನ್ನು ದೊಡ್ಡದು ಮಾಡಿಸಿ, ಅದರ ಮೇಲೆ ತೆಳು ಹಾಳೆಯಿಟ್ಟು, ಗೆರೆಯ ಮೇಲೆ ಗೆರೆ ಎಳೆದ. ಈ ಸಲ ಸಮಿತಿ ಒಂದೇ ನೋಟಕ್ಕೆ ಒಪ್ಪಿತು.

ಮೊದಲ ಬೋರ್ಡು ಸಮಿತಿಯ ಕಚೇರಿಯ ಗೋಡೆಗೆ. ಬೆಳಿಗ್ಗೆ ಪೇಂಟರ್ ಏಣಿ ಹತ್ತಿ ಬೋರ್ಡು ಬಿಗಿದು, ಮೊಳೆಯ ತಲೆಗಳಿಗೆ ಬಣ್ಣ ಮುಟ್ಟಿಸಿದ. ಎಡಗೈಯಲ್ಲಿ ಡಬ್ಬ ತೂಗುತ್ತಿತ್ತು. ಕೆಳಗೆ ಮೇಷ್ಟ್ರು ಕೈಕಟ್ಟಿ ನಿಂತಿದ್ದರು.

“ನೆಟ್ಟಗಿದೆಯಾ ಸರ್?” ತಿರುಗದೆಯೇ ಕೇಳಿದ.

“ಬೋರ್ಡು ನೆಟ್ಟಗೇ ಇದೆ ಕಣೋ. ನೀನೇ ಎಡಕ್ಕೆ...”

ಮಾತು ಅಲ್ಲೇ ನಿಂತಿತು. ಪೇಂಟರ್ ಕಾದ. ಕೆಳಗಿಳಿಯುವ ಧೈರ್ಯವಿರಲಿಲ್ಲ, ತಿರುಗಿ ನೋಡುವ ಧೈರ್ಯವಂತೂ ಇರಲೇ ಇಲ್ಲ. ಅವನ ಕಣ್ಣೆದುರಿಗೆ ಬೋರ್ಡಿನ ಮೇಲಿನ ಬೆನ್ನೊಂದೇ ಇತ್ತು. ಮೇಷ್ಟ್ರ ಕಣ್ಣೆದುರಿಗೆ ಎರಡು ಬೆನ್ನುಗಳಿದ್ದವು.

ಕಳ್ಳತನದ ರಾತ್ರಿ ಮಗನದಾಗಿದ್ದದ್ದು ಜಾಕೆಟ್ ಮಾತ್ರ.