ಅಜ್ಜಿ ಹಿಂಡಿದ ನಿಂಬೆಹಣ್ಣು

ಇಂದಿಗೂ ನಿಂಬೆಹಣ್ಣು ಹೆಚ್ಚಿದ ವಾಸನೆ ಬಂದರೆ ನನ್ನ ಕಣ್ಣು ಮೊದಲು ನೆಲದ ಕಡೆ ಹೋಗುತ್ತದೆ.

ಧನಕವಡಿಯ ನಮ್ಮ ಹೊಸ ಮನೆಯ ಪಡಸಾಲೆಗೆ ಅಪ್ಪ ಕೊಂಢವಾ ಬಡಾವಣೆಯ ಅಂಗಡಿಯೊಂದರಿಂದ ಬಿಳಿ ಮಾರ್ಬಲ್ ತಂದು ಹಾಕಿಸಿದ್ದ. ಬರಿಗಾಲಿಟ್ಟರೆ ಮೈಯೆಲ್ಲ ತಣ್ಣಗಾಗುತ್ತಿತ್ತು. ಅಜ್ಜಿಗೆ ಮಾತ್ರ ಅದರ ಹೊಳಪಿನ ಮೇಲೇ ಸಂಶಯ. "ಈ ಗೆರಿ ನೋಡು, ಕೈಲೆ ಬರದಂಗ ಅವ. ಅಂಗಡಿಯಂವ ಚಹಾ ಕುಡಿಸಿ ನಿಮ್ಮಪ್ಪಗ ಟೊಪಿಗಿ ಹಾಕ್ಯಾನ."

ಅಪ್ಪ ಆಫೀಸಿಗೆ ಹೋಗಿದ್ದ ಒಂದು ಮಧ್ಯಾಹ್ನ ಅವಳು ಕಿಟಕಿಯ ಹತ್ತಿರ ಕೂತು ನೆಲದ ಮೇಲೆ ಅರ್ಧ ನಿಂಬೆಹಣ್ಣು ಹಿಂಡಿದಳು. "ಖರೇ ಕಲ್ಲಿದ್ರ ನೊರಿ ಬರತದ. ಬರೂದಿಲ್ಲ, ನೋಡ್ತಿರು."

ಇಬ್ಬರೂ ಬಗ್ಗಿ ನೋಡಿದೆವು. ರಸದಲ್ಲಿ ಸಣ್ಣ ಸಣ್ಣ ಗುಳ್ಳೆಗಳೆದ್ದವು.

"ಖರೇನ ಅದ," ಎಂದಳು ಅಜ್ಜಿ, ಏನನ್ನೋ ಕಳೆದುಕೊಂಡವಳಂತೆ. ಸೆರಗಿನಿಂದ ರಸ ಒರೆಸಿದಳು. ಅಲ್ಲಿ ಅಂಗೈಯಗಲ ಹೊಳಪು ಹೋಗಿತ್ತು. ಮುಟ್ಟಿದರೆ ಸೀಮೆಸುಣ್ಣದಂತೆ ಒರಟು. ಎಷ್ಟು ತಿಕ್ಕಿದರೂ ಕಲೆ ಬಿಡಲಿಲ್ಲ.

ಸಂಜೆ ಮನೆಗೆ ಬಂದ ಅಪ್ಪನಿಗೆ ಕಲೆ ಕಂಡೇಬಿಟ್ಟಿತು. ಅದರ ಮೇಲೆ ಬೆರಳಾಡಿಸುತ್ತ ಅಜ್ಜಿಯನ್ನು ಕೇಳಿದ, "ಅವ್ವಾ, ಇಷ್ಟ ಲಗೂನ ಪಾಲಿಶ್ ಹೋಗೇದಲ್ಲ! ಅಂಗಡಿಯಂವ ಖೊಟ್ಟಿ ಮಾಲು ಕೊಟ್ಟಾನೇನು?"

ಅಜ್ಜಿ ಒಮ್ಮೆ ನನ್ನ ಮುಖ ನೋಡಿದಳು.

"ನಾ ಮೊದಲ ಹೇಳಿದ್ದಿಲ್ಲೇನಪಾ?" ಎಂದಳು.

ಅವಳು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಸೆರಗಿನಿಂದ ಇನ್ನೂ ನಿಂಬೆಯ ವಾಸನೆ ಬರುತ್ತಿತ್ತು.